ಸುಗ್ರೀವನ ಕೊರಳಿನ ಮಾಲೆ: ಯುದ್ಧಚಿತ್ರಗಳ ಅಣ್ಣ ತಮ್ಮಂದಿರು

(ಶಿರಸಿಯಲ್ಲಿ ಕೆಲವು ಯುದ್ಧಚಿತ್ರಗಳನ್ನು ಒಟ್ಟಿಗೆ ನೋಡಿದ ಬಳಿಕ ಆಡಿದ ಮಾತುಗಳ ಬರಹ ರೂಪ)

ಸರ್ವಾಧಿಕಾರಿಯೊಬ್ಬ ಸಿನಿಮಾ ಕಥೆ ಬರೆದ ಸಂಗತಿಯಿಂದ ಶುರು ಮಾಡುತ್ತೇನೆ. ಸ್ಪೇನಿನ ಜನರಲ್ ಫ್ರಾಂಕೊ ಹೆಸರು ನಿಮಗೆ ಗೊತ್ತು. 1936ರ ಜುಲೈ ತಿಂಗಳಲ್ಲಿ ಚುನಾಯಿತ ಸರ್ಕಾರದ ಮೇಲೆ ದಂಗೆಯೆದ್ದ ಸೇನಾಧಿಕಾರಿಗಳಲ್ಲಿ ಒಬ್ಬ. 1939ರ ಏಪ್ರಿಲ್ 1ರಂದು ಯುದ್ಧ ಮುಗಿಯಿತು, ಗೆದ್ದವನು ತಾನು ಎಂದು ಸಾರಿದವನು. ಊರುಗಳು ಕುಸಿದು ಬಿದ್ದಿದ್ದವು, ಸೆರೆಮನೆಗಳು ತುಂಬಿದ್ದವು, ಜನ ರೊಟ್ಟಿಗೆ ಪರದಾಡುತ್ತಿದ್ದರು. ಅಂಥ ಹೊತ್ತಿನಲ್ಲಿ ಈ ಮನುಷ್ಯ ಕುಳಿತು ಒಂದು ಕಥೆ ಬರೆದ. ಸ್ವಂತ ಹೆಸರು ಹಾಕಿಕೊಳ್ಳಲಿಲ್ಲ, ಹೈಮೆ ದೆ ಆಂದ್ರಾದೆ ಎಂದು ಇಟ್ಟುಕೊಂಡ. 1942ರಲ್ಲಿ ಅದು ‘ರಾಸಾ’ ಎಂಬ ಸಿನಿಮಾ ಆಗಿ ಹೊರಬಂತು.

ಕಥೆ ಹೀಗಿದೆ. ಒಂದು ದೊಡ್ಡ ಮನೆತನ. ತಂದೆ ನೌಕಾಪಡೆಯ ಅಧಿಕಾರಿ, 1898ರಲ್ಲಿ ಅಮೆರಿಕದ ವಿರುದ್ಧದ ಕಾಳಗದಲ್ಲಿ ಸಾಯುತ್ತಾನೆ. ಗಂಡುಮಕ್ಕಳಲ್ಲಿ ಒಬ್ಬ ಸೈನಿಕ, ಒಬ್ಬ ಸನ್ಯಾಸಿ, ಇನ್ನೊಬ್ಬ ರಾಜಕಾರಣಿ. ಅಂತರ್ಯುದ್ಧ ಬಂದಾಗ ಸೈನಿಕ ಫ್ರಾಂಕೊನ ಕಡೆ, ರಾಜಕಾರಣಿ ಗಣರಾಜ್ಯದ, ಅಂದರೆ ಆ ಚುನಾಯಿತ ಸರ್ಕಾರದ, ಕಡೆ. ಸನ್ಯಾಸಿಯನ್ನು ಗಣರಾಜ್ಯದವರು ಕೊಲ್ಲುತ್ತಾರೆ. ಕೊನೆಗೆ ರಾಜಕಾರಣಿಗೆ ಪಶ್ಚಾತ್ತಾಪವಾಗುತ್ತದೆ, ಸೈನಿಕನ ಪಕ್ಷಕ್ಕೆ ನೆರವಾಗಿ ಪ್ರಾಣ ಕೊಡುತ್ತಾನೆ. ಮನೆತನದ ಮಾನ ಉಳಿಯುತ್ತದೆ.

ತಮಾಷೆಯೆಂದರೆ ಫ್ರಾಂಕೊಗೆ ಸಾಮಗ್ರಿ ಸ್ವಂತ ಮನೆಯಲ್ಲೇ ಇತ್ತು. ಅವನ ತಮ್ಮ ರಮೋನ್ ಫ್ರಾಂಕೊ ವಿಮಾನ ಹಾರಿಸುವವನು, 1926ರಲ್ಲಿ ಅಟ್ಲಾಂಟಿಕ್ ದಾಟಿ ಬ್ಯೂನಸ್ ಐರಿಸ್ ತಲುಪಿ ದೇಶಕ್ಕೇ ನಾಯಕನಾದವನು. ಅಣ್ಣ ರಾಜನಿಷ್ಠ, ತಮ್ಮ ಗಣರಾಜ್ಯವಾದಿ. 1930ರ ಡಿಸೆಂಬರಿನಲ್ಲಿ ರಾಜನ ಅರಮನೆಯ ಮೇಲೆ ಬಾಂಬ್ ಹಾಕುತ್ತೇನೆಂದು ರಮೋನ್ ವಿಮಾನ ಏರಿದ. ಕೆಳಗೆ ಜನ ಓಡಾಡುವುದನ್ನು ಕಂಡು ಕರಪತ್ರ ಉದುರಿಸಿ ಹಿಂದಿರುಗಿದ. ಅದೇ ರಮೋನ್ 1936ರಲ್ಲಿ ಅಣ್ಣನ ಪಕ್ಷ ಸೇರಿದ, 1938ರಲ್ಲಿ ವಿಮಾನ ಅಪಘಾತದಲ್ಲಿ ಸತ್ತ. ನಾನು ಸಿನಿಮಾ ಮಾಡುವವನಾಗಿದ್ದರೆ ಈ ಮನುಷ್ಯನನ್ನು ಬಿಡುತ್ತಿರಲಿಲ್ಲ. ಅಣ್ಣ ಬರೆದ ಕಥೆಯಲ್ಲಿ ಕರಪತ್ರ ಉದುರಿಸುವ ತಮ್ಮನಿಗೆ ಜಾಗ ಸಿಗಲಿಲ್ಲ.

ಸ್ಪೇನಿನ ಮಾತು ಬಂದಾಗ ಇನ್ನೊಂದು ಜೋಡಿಯನ್ನು ನೆನೆಯದೆ ಮುಂದೆ ಹೋಗಲಾರೆ. ಆಂತೋನಿಯೊ ಮಚಾದೊ ಮತ್ತು ಮಾನುಯೆಲ್ ಮಚಾದೊ, ಇಬ್ಬರೂ ಕವಿಗಳು, ಸೇರಿ ನಾಟಕ ಬರೆದವರು. ದಂಗೆ ಶುರುವಾದಾಗ ಮಾನುಯೆಲ್ ಬುರ್ಗೋಸ್ ಪಟ್ಟಣದಲ್ಲಿದ್ದ. ಅದು ದಂಗೆಕೋರರ ಕೈಗೆ ಹೋಯಿತು, ಅವನು ಅಲ್ಲೇ ಉಳಿದ, ಅವರ ಪರವಾಗಿ ಬರೆದ. ಆಂತೋನಿಯೊ ಕೊನೆಯವರೆಗೂ ಗಣರಾಜ್ಯದ ಜೊತೆ ನಿಂತು, ಸೋತ ಜನರೊಡನೆ ಗಡಿ ದಾಟಿ, 1939ರ ಫೆಬ್ರವರಿಯಲ್ಲಿ ಫ್ರಾನ್ಸಿನ ಕೊಲಿಯೂರ್ ಎಂಬ ಕಡಲೂರಿನಲ್ಲಿ ತೀರಿಕೊಂಡ. ಸುದ್ದಿ ತಿಳಿದು ಮಾನುಯೆಲ್ ಅಲ್ಲಿಗೆ ಹೋದಾಗ ಗೊತ್ತಾದದ್ದು, ತಮ್ಮ ಸತ್ತ ಮೂರು ದಿನಕ್ಕೆ ತಾಯಿಯೂ ಸತ್ತಿದ್ದಾಳೆ ಎಂದು. ಯಾರು ಯಾವ ಪಕ್ಷ ಎಂಬುದರಲ್ಲಿ ನಂಬಿಕೆಯ ಪಾಲೆಷ್ಟು, ಜುಲೈ ತಿಂಗಳಲ್ಲಿ ಯಾವ ಊರಿನಲ್ಲಿದ್ದೆ ಎಂಬುದರ ಪಾಲೆಷ್ಟು? ಅಂತರ್ಯುದ್ಧದ ಸಿನಿಮಾಗಳು ಕೇಳಬೇಕಾದ ಪ್ರಶ್ನೆ ಇದು, ಹೆಚ್ಚಿನವು ಕೇಳುವುದಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಗೆದ್ದ ಸರ್ವಾಧಿಕಾರಿಗೆ ಒಡಹುಟ್ಟಿದವರ ಕಥೆಯೇ ಏಕೆ ಬೇಕಾಯಿತು? ನಮ್ಮ ಕಡೆ ಹಿಸೆ ಪಂಚಾಯಿತಿಯಲ್ಲಿ ಕುಳಿತವರು ಇದನ್ನು ಕಂಡಿರುತ್ತೀರಿ. ಮಾತು ಬಿಸಿಯೇರಿದಾಗ ಹಿರಿಯರೊಬ್ಬರು ಎದ್ದು, ‘ಎಷ್ಟೆಂದರೂ ಅಣ್ಣ ತಮ್ಮಂದಿರು, ಬಿಡಿ’ ಎನ್ನುತ್ತಾರೆ. ಎಲ್ಲರ ಕಣ್ಣಲ್ಲೂ ನೀರು. ನೀರಾವರಿ ಇರುವ ತೋಟ ಯಾರ ಪಾಲಿಗೆ ಹೋಯಿತು ಎಂಬ ಪ್ರಶ್ನೆ ಆ ಕಣ್ಣೀರಿನಲ್ಲಿ ಕೊಚ್ಚಿಹೋಗಿರುತ್ತದೆ. ‘ರಾಸಾ’ ಮಾಡುವುದು ಅದನ್ನೇ. ಚುನಾಯಿತ ಸರ್ಕಾರವನ್ನು ಬೀಳಿಸಿದ್ದು ಯಾರು, ಭೂಮಿ ಯಾರ ಕೈಯಲ್ಲಿತ್ತು, ಕೂಲಿಗಳು ಏನು ಕೇಳುತ್ತಿದ್ದರು ಎಂಬುದೆಲ್ಲ ಮನೆಯ ಜಗಳವಾಗಿ ಕುಗ್ಗುತ್ತದೆ. ಮನೆಯ ಜಗಳಕ್ಕೆ ಪರಿಹಾರ ಸುಲಭ: ದಾರಿ ತಪ್ಪಿದವನು ಕ್ಷಮೆ ಕೇಳಬೇಕು. ಯಾರು ದಾರಿ ತಪ್ಪಿದವನು ಎಂದು ಕಥೆ ಬರೆದವನು ಮೊದಲೇ ತೀರ್ಮಾನಿಸಿರುತ್ತಾನೆ.

ಹಾಗಾದರೆ ಇಂಥ ಸಿನಿಮಾಗಳಲ್ಲಿ ಒಳ್ಳೆಯದನ್ನು ಹೇಗೆ ಆರಿಸುವುದು? ನಮ್ಮ ಸೀಮೆಯ ಪ್ರೇಕ್ಷಕರಿಗೆ ಇದಕ್ಕೆ ಅಳತೆಗೋಲನ್ನು ಹೊರಗಿನಿಂದ ತರಬೇಕಿಲ್ಲ. ತಾಳಮದ್ದಳೆ ಕೇಳಿದವರು ನೀವು, ವೇಷವಿಲ್ಲದೆ ಕುಳಿತು ಮಾತಿನಲ್ಲೇ ಕಥೆ ನಡೆಸುವ ಕೂಟ ಅದು; ಪಾತ್ರವಾಗಿ ಆಡುವ ಆ ಮಾತಿಗೆ ‘ಅರ್ಥ’ ಎನ್ನುತ್ತೇವೆ. ವಾಲಿವಧೆಯನ್ನು ತೆಗೆದುಕೊಳ್ಳಿ. ರಾಮನ ಬಾಣ ನಾಟಿದ ಮೇಲೆ ಕಥೆಯ ಲೆಕ್ಕದಲ್ಲಿ ವಾಲಿಗೆ ಸಾಯುವುದೊಂದೇ ಬಾಕಿ. ಕೂಟಕ್ಕೆ ಕಾವು ಏರುವುದೇ ಅಲ್ಲಿಂದ. ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷತ್ರಿಯಧರ್ಮ? ನಾವು ಅಣ್ಣ ತಮ್ಮಂದಿರು ಹೊಡೆದಾಡಿಕೊಂಡರೆ ನಡುವೆ ಬರಲು ನೀನು ಯಾರು? ರಾಮನ ಅರ್ಥ ಹೇಳುವವರು ಬೆವರಬೇಕು. ಬೆವರದಿದ್ದರೆ ಕೇಳಲು ಬಂದವರು ಎಲೆ ಅಡಿಕೆ ಹಾಕಿಕೊಳ್ಳಲು ಎದ್ದು ಹೊರಗೆ ಹೋಗುತ್ತಾರೆ. ಭಕ್ತಿಯಿಂದ ಬಂದು ಕುಳಿತವರೂ ವಾಲಿಯ ಪಾತ್ರಕ್ಕೆ ಸಮರ್ಥರನ್ನು ಹಾಕಿ ಎಂದೇ ಕೇಳುತ್ತಾರೆ. ಸಾಯಲಿರುವವನ ಬಾಯಲ್ಲೂ ಪೂರ್ತಿ ಅರ್ಥ ಇರಬೇಕು, ಎದುರಿನವನಿಗೆ ಉತ್ತರ ಹುಡುಕುವುದು ಕಷ್ಟವಾಗಬೇಕು. ನನ್ನ ಅಳತೆಗೋಲು ಅಷ್ಟೇ. ‘ರಾಸಾ’ದ ರಾಜಕಾರಣಿಗೆ ಅರ್ಥವಿಲ್ಲ, ಪಶ್ಚಾತ್ತಾಪ ಮಾತ್ರ ಇದೆ.

ಅದೇ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ, ಸಿನಿಮಾಕ್ಕೆಂದೇ ಬರೆದ ಹಾಗಿದೆ. ಮೊದಲ ಸಲದ ಕಾಳಗದಲ್ಲಿ ಸುಗ್ರೀವ ಪೆಟ್ಟು ತಿಂದು ಓಡಿ ಬರುತ್ತಾನೆ. ಬಾಣ ಏಕೆ ಬಿಡಲಿಲ್ಲ ಎಂದು ರಾಮನನ್ನು ಕೇಳಿದರೆ, ಇಬ್ಬರೂ ಒಂದೇ ರೂಪ, ಯಾರು ಯಾರೆಂದು ತಿಳಿಯಲಿಲ್ಲ ಎಂಬ ಉತ್ತರ ಬರುತ್ತದೆ. ಆಮೇಲೆ ಲಕ್ಷ್ಮಣ ಗಜಪುಷ್ಪಿಯ ಬಳ್ಳಿ ಕಿತ್ತು ಸುಗ್ರೀವನ ಕೊರಳಿಗೆ ಹಾಕುತ್ತಾನೆ. ಗುರುತು ಸಿಕ್ಕಿತು, ಇನ್ನು ಕೊಲ್ಲಬಹುದು. ಅಂತರ್ಯುದ್ಧದ ಸಿನಿಮಾಗಳಲ್ಲಿ ಸಮವಸ್ತ್ರಕ್ಕೆ ಈ ಮಾಲೆಯ ಕೆಲಸ. ಒಂದೇ ಭಾಷೆ, ಒಂದೇ ಊರು, ಒಂದೇ ಮೂಗು. ಕೊಲ್ಲಬೇಕಾದರೆ ಮೊದಲು ಗುರುತು ಹಾಕಬೇಕು.

ಈ ಅಳತೆಗೋಲು ಹಿಡಿದು ನಾವು ನೋಡಿದ ಐರ್ಲೆಂಡಿನ ಸಿನಿಮಾಕ್ಕೆ ಬರೋಣ: ಕೆನ್ ಲೋಚ್ ನಿರ್ದೇಶಿಸಿದ ‘ದಿ ವಿಂಡ್ ದಟ್ ಶೇಕ್ಸ್ ದಿ ಬಾರ್ಲಿ’. 2006ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದದ್ದು. ಮಾತು ಜಾಸ್ತಿ ಎಂದು ಕೆಲವರು ಗೊಣಗಿದ್ದು ನನ್ನ ಕಿವಿಗೆ ಬಿದ್ದಿದೆ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜದ ದೆಸೆಯಿಂದ ಹಳ್ಳಿಯಲ್ಲಿ ಕುಳಿತು ಜಗತ್ತಿನ ಸಿನಿಮಾ ನೋಡಿದ ಸೀಮೆ ಇದು; ಅರ್ಧ ರಾತ್ರಿಯವರೆಗೆ ಕೃಷ್ಣಸಂಧಾನ ಕೇಳುವವರು ಮಾತು ಜಾಸ್ತಿ ಎನ್ನಬಾರದು.

1920, ಕಾರ್ಕ್ ಜಿಲ್ಲೆ. ತಮ್ಮ ಡೇಮಿಯನ್ ವೈದ್ಯ, ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೊರಟು ನಿಂತವನು. ಅಣ್ಣ ಟೆಡ್ಡಿ ಹೋರಾಟದ ಮುಂದಾಳು. ಬ್ರಿಟಿಷ್ ಪಡೆ ಹಳ್ಳಿಗೆ ಬಂದು, ಹೆಸರನ್ನು ಐರಿಷ್ ಭಾಷೆಯಲ್ಲೇ ಹೇಳುತ್ತೇನೆಂದು ಹಟ ಹಿಡಿದ ಹುಡುಗನನ್ನು ಕೊಂದುಹಾಕುತ್ತದೆ. ಆಗಲೂ ಡೇಮಿಯನ್ ಹೊರಡುವ ಯೋಚನೆ ಬಿಡುವುದಿಲ್ಲ. ರೈಲು ನಿಲ್ದಾಣದಲ್ಲಿ ಅವನ ಮನಸ್ಸು ತಿರುಗುತ್ತದೆ. ಸೈನಿಕರನ್ನು ಹತ್ತಿಸಿಕೊಳ್ಳುವುದಿಲ್ಲ ಎಂದು ನಿಂತ ರೈಲು ಚಾಲಕ ಪೆಟ್ಟು ತಿನ್ನುವುದನ್ನು ಕಂಡು ಅವನು ಹಿಂದಿರುಗುತ್ತಾನೆ. ಟೆಡ್ಡಿಯ ಉಗುರುಗಳನ್ನು ಇಕ್ಕಳದಿಂದ ಕೀಳುವ ದೃಶ್ಯದಲ್ಲಿ ನಿಮ್ಮಲ್ಲಿ ಕೆಲವರು ಮುಖ ತಿರುಗಿಸಿದಿರಿ. ಆ ಕೈಗಳನ್ನು ಮರೆಯಬೇಡಿ. ಮುಂದೆ ಒಪ್ಪಂದ ಮಾಡಿಕೊಳ್ಳೋಣ ಎನ್ನುವವನು ಅದೇ ಕೈಯವನು. ರಾಜಿಗೆ ಒಪ್ಪುವವನು ಹೇಡಿ ಎಂಬ ಸುಲಭದ ದಾರಿಯನ್ನು ಲೋಚ್ ಮೊದಲೇ ಮುಚ್ಚಿದ್ದಾನೆ.

ಆಮೇಲಿನ ಒಂದು ದೃಶ್ಯದ ಮೇಲೆ ಇಡೀ ಸಿನಿಮಾ ನಿಂತಿದೆ ಎಂದು ನನಗನ್ನಿಸುತ್ತದೆ. ಹೋರಾಟಗಾರರು ತಮ್ಮದೇ ನ್ಯಾಯಾಲಯ ನಡೆಸುತ್ತಿದ್ದಾರೆ. ಬಡವಿಯೊಬ್ಬಳಿಂದ ವಿಪರೀತ ಬಡ್ಡಿ ಹಿಂಡಿದ ಸಾಹುಕಾರನ ವಿರುದ್ಧ ತೀರ್ಪು ಬರುತ್ತದೆ. ಟೆಡ್ಡಿ ಬಂದು ಆ ಸಾಹುಕಾರನನ್ನು ಹೊರಗೆ ಕರೆದುಕೊಂಡು ಹೋಗುತ್ತಾನೆ. ಏಕೆಂದರೆ ಬಂದೂಕು ಕೊಳ್ಳುವ ಹಣ ಬರುತ್ತಿರುವುದು ಅವನಿಂದ. ಡೇಮಿಯನ್ ಕೇಳುತ್ತಾನೆ, ಹಾಗಾದರೆ ಈ ನ್ಯಾಯಾಲಯ ಯಾಕೆ? ಬಂದೂಕಿಲ್ಲದೆ ನ್ಯಾಯಾಲಯ ಉಳಿಯುತ್ತದೆಯೇ ಎಂಬುದು ಟೆಡ್ಡಿಯ ಪ್ರಶ್ನೆ. ಇನ್ನೂ ಬ್ರಿಟಿಷರು ಹೋಗಿಲ್ಲ, ಒಪ್ಪಂದದ ಸುಳಿವಿಲ್ಲ, ಅಂತರ್ಯುದ್ಧ ದೂರವಿದೆ. ಬಿರುಕು ಆಗಲೇ ಬಿದ್ದಿದೆ, ಅದೂ ಬಡ್ಡಿಯ ಲೆಕ್ಕದಲ್ಲಿ. ಇಬ್ಬರ ಮಾತಿಗೂ ತೂಕವಿದೆ. ಆ ದೃಶ್ಯ ನೋಡುವಾಗ ನಾನು ಎರಡು ಸಲ ಪಕ್ಷ ಬದಲಾಯಿಸಿದೆ.

1921ರ ಡಿಸೆಂಬರ್ 6ರಂದು ಒಪ್ಪಂದಕ್ಕೆ ಸಹಿ ಬಿತ್ತು. ಐರ್ಲೆಂಡಿಗೆ ಸ್ವಂತ ಸರ್ಕಾರ, ಸ್ವಂತ ಸೈನ್ಯ. ಆದರೆ ಸಾಮ್ರಾಜ್ಯದೊಳಗೇ ಇರಬೇಕು, ಸಂಸತ್ತಿನ ಸದಸ್ಯರು ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು, ಉತ್ತರದ ಆರು ಜಿಲ್ಲೆಗಳು ಹೊರಗೆ ಉಳಿಯಬಹುದು. 1922ರ ಜನವರಿ 7ರಂದು ಐರಿಷ್ ಸಂಸತ್ತು ಅದನ್ನು ಒಪ್ಪಿದ್ದು 64ಕ್ಕೆ 57 ಮತಗಳಿಂದ. ಏಳೇ ಮತಗಳ ಅಂತರ. ಸಿನಿಮಾದಲ್ಲಿ ಹಳ್ಳಿಯ ಜನಕ್ಕೆ ಈ ಸುದ್ದಿ ತಿಳಿಯುವುದು ಚಿತ್ರಮಂದಿರದ ಸುದ್ದಿಚಿತ್ರದಿಂದ. ಮೊದಲು ಚಪ್ಪಾಳೆ, ಆಮೇಲೆ ಒಂದೊಂದೇ ಷರತ್ತು ತೆರೆಯ ಮೇಲೆ ಬಂದ ಹಾಗೆ ಗದ್ದಲ. ಬಳಿಕ ಅವರೆಲ್ಲ ಒಂದು ಕೋಣೆಯಲ್ಲಿ ಕುಳಿತು ವಾದಿಸುತ್ತಾರೆ. ನಮ್ಮ ಅಳತೆಯ ಕೂಟ ಇದೇ. ಒಪ್ಪದಿದ್ದರೆ ಬ್ರಿಟಿಷರು ಮತ್ತೆ ಯುದ್ಧ ತರುತ್ತಾರೆ, ಎಷ್ಟು ಜನ ಸಾಯಬೇಕು ಎನ್ನುವವರಿದ್ದಾರೆ. ಬಾವುಟದ ಬಣ್ಣ ಬದಲಾದರೆ ಸಾಲಗಾರನ ಸಾಲ ತೀರುತ್ತದೆಯೇ ಎನ್ನುವವರಿದ್ದಾರೆ. ಹೆಂಗಸರೂ ಮಾತನಾಡುತ್ತಾರೆ, ಇದನ್ನು ಗಮನದಲ್ಲಿಡಿ, ಕೊನೆಗೆ ಬೇಕಾಗುತ್ತದೆ.

ಟೆಡ್ಡಿ ಹೊಸ ಸೈನ್ಯದ ಸಮವಸ್ತ್ರ ತೊಡುತ್ತಾನೆ, ಮಾಲೆ ಕೊರಳಿಗೆ ಬಿತ್ತು. ಡೇಮಿಯನ್ ಬೆಟ್ಟಕ್ಕೆ ಮರಳುತ್ತಾನೆ. ಸೆರೆ ಸಿಕ್ಕ ತಮ್ಮನ ಮುಂದೆ ಅಣ್ಣ ಕುಳಿತು ಬೇಡಿಕೊಳ್ಳುತ್ತಾನೆ: ಆಯುಧ ಎಲ್ಲಿದೆ ಹೇಳು, ಮನೆಗೆ ಹೋಗು. ಡೇಮಿಯನ್ ಕೊಡುವ ಉತ್ತರದಲ್ಲಿ ಕ್ರಿಸ್ ರೈಲಿಯ ಹೆಸರು ಬರುತ್ತದೆ. ಕ್ರಿಸ್ ಅವರ ಜೊತೆಯಲ್ಲೇ ಬೆಳೆದ ಹುಡುಗ, ಬೆದರಿಕೆಗೆ ಸೋತು ಬ್ರಿಟಿಷರಿಗೆ ಸುಳಿವು ಕೊಟ್ಟವನು. ಅವನನ್ನು ಗುಂಡಿಟ್ಟು ಕೊಂದದ್ದು ಡೇಮಿಯನ್, ಐದು ವರ್ಷ ಶರೀರಶಾಸ್ತ್ರ ಓದಿದ ವೈದ್ಯ. ಬಾಯಿಬಿಟ್ಟದ್ದಕ್ಕೆ ಅವನನ್ನು ಕೊಂದ ನಾನು ಈಗ ಹೇಗೆ ಬಾಯಿಬಿಡಲಿ? ಈ ತರ್ಕದಿಂದ ತಪ್ಪಿಸಿಕೊಳ್ಳಲು ದಾರಿ ಇಲ್ಲ. ಬೆಳಗಿನ ಜಾವ ಗುಂಡು ಹಾರಿಸಲು ಆಜ್ಞೆ ಕೊಡುವವನು ಟೆಡ್ಡಿಯೇ.

ಟೆಡ್ಡಿ ಖಳನೇ ಎಂದು ಇಲ್ಲೇ ಒಬ್ಬರು ಕೇಳಿದರು. ಅಲ್ಲ ಎಂದು ನನ್ನ ಎಣಿಕೆ. ಸಿನಿಮಾ ಡೇಮಿಯನ್ ಕಡೆ ವಾಲಿದೆ, ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಟೆಡ್ಡಿಯ ಮಾತನ್ನು ಕತ್ತರಿಸಿಲ್ಲ. ಇದೆಲ್ಲ ನಾಟಕೀಯ ಎನಿಸಿದರೆ ಇತಿಹಾಸ ತೆರೆದು ನೋಡಿ. ಕೆವಿನ್ ಓ’ಹಿಗಿನ್ಸ್ ಎಂಬ ಸಚಿವನ ಮದುವೆಯಲ್ಲಿ, 1921ರಲ್ಲಿ, ವರನ ಪಕ್ಕ ನಿಂತ ಆಪ್ತಮಿತ್ರ ರೋರಿ ಓ’ಕಾನರ್. ಮರುವರ್ಷ ಡಿಸೆಂಬರ್ 8ರಂದು, ಒಪ್ಪಂದವನ್ನು ವಿರೋಧಿಸಿದ ಓ’ಕಾನರನನ್ನು ಗುಂಡಿಕ್ಕಿ ಕೊಂದ ಸರ್ಕಾರದಲ್ಲಿ ಓ’ಹಿಗಿನ್ಸ್ ಸಚಿವ, ಆ ನಿರ್ಧಾರಕ್ಕೆ ಒಪ್ಪಿಗೆ ಕೊಟ್ಟವನು. ಅಂತರ್ಯುದ್ಧ ನಡೆದದ್ದು 1922ರ ಜೂನ್‌ನಿಂದ 1923ರ ಮೇ ತನಕ, ಒಂದು ವರ್ಷವೂ ತುಂಬಲಿಲ್ಲ. ಆ ಎರಡು ಬಣಗಳಿಂದ ಹುಟ್ಟಿದ ಪಕ್ಷಗಳು ಸೇರಿ ಒಂದು ಸರ್ಕಾರ ರಚಿಸಿದ್ದು 2020ರಲ್ಲಿ.

ಅಮೆರಿಕದಲ್ಲಿ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ನಡೆದ ಅಂತರ್ಯುದ್ಧದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ನಿಜ ಜೀವನದ ಉದಾಹರಣೆಗಳಿಗೆ ಅಲ್ಲಿ ಬರವಿಲ್ಲ. 1862ರ ಜೂನ್ 16ರಂದು ದಕ್ಷಿಣ ಕೆರೊಲಿನಾದ ಸಿಸೆಷನ್‌ವಿಲ್ ಎಂಬಲ್ಲಿ ಕೋಟೆಯ ಒಳಗೆ ಜೇಮ್ಸ್ ಕ್ಯಾಂಪ್‌ಬೆಲ್, ಹೊರಗೆ ದಾಳಿ ಮಾಡಿದ ನ್ಯೂಯಾರ್ಕಿನ ಪಡೆಯಲ್ಲಿ ಅಲೆಕ್ಸಾಂಡರ್ ಕ್ಯಾಂಪ್‌ಬೆಲ್. ಸ್ಕಾಟ್ಲೆಂಡಿನಿಂದ ವಲಸೆ ಬಂದ ಸಹೋದರರು, ಒಬ್ಬ ದಕ್ಷಿಣದಲ್ಲಿ ನೆಲೆಸಿದ, ಇನ್ನೊಬ್ಬ ಉತ್ತರದಲ್ಲಿ. ಎದುರಿಗೆ ಇದ್ದವನು ನೀನೇ ಎಂದು ಸೆರೆಯಾಳುಗಳಿಂದ ತಿಳಿಯಿತು ಎಂದು ಒಬ್ಬ ಇನ್ನೊಬ್ಬನಿಗೆ ಬರೆದ ಕಾಗದ ಉಳಿದಿದೆ. ಮಚಾದೊ ಸಹೋದರರಂತೆ ಇಲ್ಲೂ ವಿಳಾಸವೇ ಪಕ್ಷವನ್ನು ತೀರ್ಮಾನಿಸಿತು. ಕೆಂಟಕಿಯ ಸೆನೆಟರ್ ಕ್ರಿಟೆಂಡನ್ ಯುದ್ಧ ತಪ್ಪಿಸಲು ಹೆಣಗಿದವನು. ಅವನ ಒಬ್ಬ ಮಗ ಉತ್ತರದ ಸೈನ್ಯದಲ್ಲಿ ಮೇಜರ್ ಜನರಲ್, ಇನ್ನೊಬ್ಬ ದಕ್ಷಿಣದ ಸೈನ್ಯದಲ್ಲಿ ಮೇಜರ್ ಜನರಲ್.

ಇಂಥ ಕಥೆಗಳನ್ನು ಆ ದೇಶ ಏನು ಮಾಡಿತು ಎಂಬುದು ಮುಖ್ಯ. ಗೆಟ್ಟಿಸ್‌ಬರ್ಗ್ ಕಾಳಗಕ್ಕೆ ಐವತ್ತು ವರ್ಷವಾದಾಗ, 1913ರಲ್ಲಿ, ಎರಡೂ ಕಡೆಯ 50 ಸಾವಿರಕ್ಕೂ ಹೆಚ್ಚು ಮುದಿ ಸೈನಿಕರು ಅಲ್ಲಿ ಸೇರಿದರು. ಕಲ್ಲಿನ ಗೋಡೆಯ ಮೇಲಿಂದ ಕೈ ಕುಲುಕಿದರು. ಅಧ್ಯಕ್ಷ ವಿಲ್ಸನ್ ಬಂದು, ನಾವು ಮತ್ತೆ ಸಹೋದರರಾದೆವು ಎಂದು ಭಾಷಣ ಮಾಡಿದ. ಯುದ್ಧ ಯಾತಕ್ಕೆ ನಡೆಯಿತೋ ಆ ಗುಲಾಮಗಿರಿಯ ಹೆಸರು ಭಾಷಣದಲ್ಲಿ ಇಲ್ಲ. ಎರಡು ವರ್ಷದ ಬಳಿಕ ಗ್ರಿಫಿತ್‌ನ ‘ದಿ ಬರ್ತ್ ಆಫ್ ಎ ನೇಷನ್’ ಬಂತು, ಶ್ವೇತಭವನದಲ್ಲೇ ಪ್ರದರ್ಶನ ಕಂಡಿತು. ಉತ್ತರದ ಒಂದು ಮನೆ, ದಕ್ಷಿಣದ ಒಂದು ಮನೆ, ಮಕ್ಕಳು ಸ್ನೇಹಿತರು. ಕಿರಿಯರಿಬ್ಬರು ರಣರಂಗದಲ್ಲಿ ಒಬ್ಬರ ತೋಳಲ್ಲೊಬ್ಬರು ಸಾಯುತ್ತಾರೆ. ಉಳಿದವರು ಕೊನೆಗೆ ಒಂದಾಗುತ್ತಾರೆ, ಮದುವೆಗಳಾಗುತ್ತವೆ. ಯಾರ ವಿರುದ್ಧ ಒಂದಾಗುತ್ತಾರೆ? ಬಿಡುಗಡೆ ಹೊಂದಿದ ಕಪ್ಪು ಜನರ ವಿರುದ್ಧ, ಮುಸುಕು ತೊಟ್ಟ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ಪಡೆಯ ನೆರವಿನಿಂದ. ಅಣ್ಣ ತಮ್ಮಂದಿರು ತಬ್ಬಿಕೊಂಡಾಗ ಆ ತೋಳುಗಳ ಹೊರಗೆ ಯಾರನ್ನು ನಿಲ್ಲಿಸಿದ್ದಾರೆ ಎಂದು ನೋಡುವ ಅಭ್ಯಾಸ ನನಗೆ ಬಂದದ್ದು ಈ ಸಿನಿಮಾದಿಂದ.

ನಮ್ಮ ದೇಶದ ಸಿನಿಮಾಗಳಲ್ಲಿ ಅಣ್ಣ ತಮ್ಮಂದಿರು ಯುದ್ಧದಲ್ಲಿ ಬೇರೆಯಾಗುವುದು ಕಡಿಮೆ, ಜಾತ್ರೆಯಲ್ಲಿ ಬೇರೆಯಾಗುವುದು ಹೆಚ್ಚು. ನಮ್ಮ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದರಿಂದ ಶಿರಸಿಯಲ್ಲಿ ಅಂಥ ಕಥೆಗೆ ಸ್ವಲ್ಪ ತಾಳ್ಮೆ ಬೇಕು. ತಾಯಿ ಕಟ್ಟಿದ ತಾಯಿತವೋ, ಚಿಕ್ಕಂದಿನ ಹಾಡೋ ಕೊನೆಗೆ ಅವರನ್ನು ಒಂದುಗೂಡಿಸುತ್ತದೆ. ನೀವು ನಗುತ್ತೀರಿ, ಆದರೆ ಕೊರಿಯಾದ ‘ತೇಗುಕ್ಗಿ’ಯಲ್ಲಿ ಒಂದು ಪೆನ್ನು ಈ ಕೆಲಸ ಮಾಡುವಾಗ ನೀವೇ ಅತ್ತದ್ದನ್ನು ನಾನು ನೋಡಿದ್ದೇನೆ.

ಕಾಂಗ್ ಜೆ-ಗ್ಯು ನಿರ್ದೇಶಿಸಿದ ಈ ಸಿನಿಮಾ 2004ರಲ್ಲಿ ಬಂತು. ದಕ್ಷಿಣ ಕೊರಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಟಿಕೆಟ್‌ಗಳು ಹೋದವು. 1950ರ ಜೂನ್, ಸಿಯೋಲ್. ಅಣ್ಣ ಜಿನ್-ತೆ ಬೀದಿಯಲ್ಲಿ ಬೂಟ್ ಪಾಲಿಶ್ ಮಾಡುತ್ತಾನೆ. ತಮ್ಮ ಜಿನ್-ಸೊಕ್ ಓದುವ ಹುಡುಗ, ಮನೆಯ ಆಸೆಯೆಲ್ಲ ಅವನ ಮೇಲೆ. ಜೂನ್ 25ರಂದು ಉತ್ತರದ ಸೈನ್ಯ ನುಗ್ಗುತ್ತದೆ, ಕುಟುಂಬ ದಕ್ಷಿಣಕ್ಕೆ ಓಡುತ್ತದೆ. ದೇಗು ನಿಲ್ದಾಣದಲ್ಲಿ ತಮ್ಮನನ್ನು ಹಿಡಿದು ಸೈನ್ಯದ ರೈಲಿಗೆ ತುಂಬುತ್ತಾರೆ. ಬಿಡಿಸಿಕೊಳ್ಳಲು ಹತ್ತಿದ ಅಣ್ಣನೂ ಇಳಿಯಲಾಗುವುದಿಲ್ಲ. ನೀನು ದೊಡ್ಡ ಪದಕ ಗೆದ್ದರೆ ತಮ್ಮನನ್ನು ಮನೆಗೆ ಕಳಿಸಬಹುದು ಎಂದು ಅಧಿಕಾರಿ ಹೇಳಿದ್ದೇ ತಡ, ಜಿನ್-ತೆ ಸಾವಿಗೆ ಹೆದರದ ಪ್ರಾಣಿಯಾಗುತ್ತಾನೆ. ತಮ್ಮನನ್ನು ಉಳಿಸುವ ಹಟ ತಮ್ಮನೇ ಅಸಹ್ಯಪಡುವಷ್ಟು ಕ್ರೌರ್ಯವಾಗಿ ಬೆಳೆಯುತ್ತದೆ. ಸಿಯೋಲ್‌ನ ಅದೇ ಬೀದಿಯಲ್ಲಿ ಅವರ ಜೊತೆ ಬೂಟ್ ಪಾಲಿಶ್ ಮಾಡುತ್ತಿದ್ದ ಹುಡುಗ ಶತ್ರುವಿನ ಸಮವಸ್ತ್ರದಲ್ಲಿ ಕೈದಿಯಾಗಿ ಸಿಗುತ್ತಾನೆ, ಅವನ ಮೇಲೂ ಜಿನ್-ತೆ ಕೈಯೆತ್ತುತ್ತಾನೆ.

ಈಗ ಅಳತೆಗೋಲು ಹಿಡಿಯಿರಿ. ಇಬ್ಬರೂ ಯಾವ ಪಕ್ಷ ಸರಿ ಎಂದು ಒಮ್ಮೆಯಾದರೂ ವಾದಿಸುತ್ತಾರೆಯೇ? ಇಲ್ಲ. ತಮ್ಮ ಬೆಂಕಿಯಲ್ಲಿ ಸತ್ತ, ಅದಕ್ಕೆ ತನ್ನ ಕಡೆಯ ಅಧಿಕಾರಿಯೇ ಕಾರಣ ಎಂದು ನಂಬಿದ ಜಿನ್-ತೆ ಉತ್ತರದ ಸೈನ್ಯ ಸೇರಿ ಅಲ್ಲಿನ ನಾಯಕನಾಗುತ್ತಾನೆ. ಉತ್ತರ ಕೊರಿಯಾ ಏನು ಹೇಳುತ್ತದೆ ಎಂಬುದು ಅವನಿಗೆ ಬೇಕಿಲ್ಲ. ಬದುಕಿರುವ ತಮ್ಮ ಹುಡುಕಿಕೊಂಡು ಬಂದು ಎದುರು ನಿಂತರೂ ಗುರುತು ಹಿಡಿಯದೆ ಹೊಡೆಯುತ್ತಾನೆ. ಗುರುತು ಹತ್ತಿದ ಮೇಲೆ ಬಂದೂಕನ್ನು ಉತ್ತರದವರ ಕಡೆ ತಿರುಗಿಸಿ ತಮ್ಮನನ್ನು ಪಾರುಮಾಡುತ್ತಾನೆ. ಐವತ್ತು ವರ್ಷದ ಬಳಿಕ ಮಣ್ಣಿನಿಂದ ಅವನ ಮೂಳೆಗಳು ಸಿಗುತ್ತವೆ, ತಮ್ಮನ ಹೆಸರು ಕೆತ್ತಿದ ಪೆನ್ನೂ ಸಿಗುತ್ತದೆ.

ನನ್ನ ಅಳತೆಯಲ್ಲಿ ಸಿನಿಮಾ ಸೋತಿತು ಎಂದು ಬರೆದುಕೊಂಡೇ ಬಂದಿದ್ದೆ. ಆದರೆ ಯಂಗ್-ಶಿನ್ ಸಾಯುವ ದೃಶ್ಯ ಹಾಗೆ ಹೇಳಲು ಬಿಡುವುದಿಲ್ಲ. ಅವಳು ಜಿನ್-ತೆ ಮದುವೆಯಾಗಬೇಕಿದ್ದ ಹೆಣ್ಣು. ದಕ್ಷಿಣದ ಕಮ್ಯುನಿಸ್ಟ್ ವಿರೋಧಿ ಗುಂಪು ಅವಳನ್ನು ಎಳೆದೊಯ್ಯುತ್ತದೆ. ಕಾರಣ, ಒಂದು ಪಟ್ಟಿಯಲ್ಲಿ ಅವಳ ಹೆಸರಿದೆ. ಧಾನ್ಯ ಕೊಡುತ್ತಾರೆಂದು ಹೆಸರು ಬರೆಸಿದ್ದಳು, ಅಷ್ಟೇ. ಇದು ಕಲ್ಪನೆ ಅಲ್ಲ. ಬೋದೋ ಲೀಗ್ ಎಂಬ ಹೆಸರಿನಲ್ಲಿ ಎಡಪಂಥದ ಸಂಶಯವಿದ್ದವರನ್ನು ‘ತಿದ್ದಲು’ ಸರ್ಕಾರ 1949ರಲ್ಲಿ ಸಂಘ ಕಟ್ಟಿತು. ಅಕ್ಕಿಯ ಆಸೆಗೆ ಹೆಸರು ಕೊಟ್ಟ ಹಳ್ಳಿಗರೂ ಅದರಲ್ಲಿದ್ದರು. ಯುದ್ಧ ಶುರುವಾದಾಗ ಅವರನ್ನು ಗುಂಪುಗುಂಪಾಗಿ ಕೊಲ್ಲಲಾಯಿತು. ದಶಕಗಳ ಕಾಲ ಬಾಯಿಬಿಡಲಾಗದಿದ್ದ ಸಂಗತಿ ಇದು. ಈ ಬಗ್ಗೆ ಅಧಿಕೃತ ವಿಚಾರಣೆ ಮಾಡಿದ ಸತ್ಯಶೋಧನಾ ಆಯೋಗ ಅಲ್ಲಿ ರಚನೆಯಾದದ್ದು 2005ರಲ್ಲಿ, ಸಿನಿಮಾ ಬಂದ ಮರುವರ್ಷ. ಹೊಟ್ಟೆಗಿಲ್ಲದವರ ಮನೆಗೆ ಸಿದ್ಧಾಂತ ಬಂದದ್ದು ಧಾನ್ಯದ ಚೀಲದ ರೂಪದಲ್ಲಿ. ಬೂಟ್ ಪಾಲಿಶ್ ಮಾಡುವವನಿಂದ ನಾನು ವಾಲಿಯ ಅರ್ಥಗಾರಿಕೆ ನಿರೀಕ್ಷಿಸಿದ್ದು ಸ್ವಲ್ಪ ಅತಿಯಾಯಿತು. ಡೇಮಿಯನ್ ವೈದ್ಯ, ಅವನಿಗೆ ವಾದಿಸಲು ಕೋಣೆ ಇತ್ತು. ಇವರಿಗೆ ಇದ್ದದ್ದು ರೈಲು.

ಆದರೂ ಒಂದು ತಕರಾರು ಉಳಿಯುತ್ತದೆ. ಸಿಯೋಲ್‌ನ ಯುದ್ಧ ಸ್ಮಾರಕದಲ್ಲಿ ‘ಸಹೋದರರ ಪ್ರತಿಮೆ’ ಇದೆ, 11 ಮೀಟರ್ ಎತ್ತರದ್ದು. ಬಿರುಕುಬಿಟ್ಟ ಗುಮ್ಮಟದ ಮೇಲೆ ಇಬ್ಬರು ಸೈನಿಕರು ತಬ್ಬಿಕೊಂಡು ನಿಂತಿದ್ದಾರೆ. ದಕ್ಷಿಣದವನು ಅಣ್ಣ, ಅಧಿಕಾರಿ, ಎತ್ತರದ ಆಳು, ಬೆನ್ನಿಗೆ ಬಂದೂಕು. ಉತ್ತರದವನು ತಮ್ಮ, ಸಣಕಲ, ಬರಿಗೈಯವನು, ಅಣ್ಣನ ಎದೆಗೆ ಒರಗಿದ್ದಾನೆ. ನಿಜವಾಗಿ ನಡೆದ ಭೇಟಿಯನ್ನು ಆಧರಿಸಿದ್ದು ಎನ್ನುತ್ತಾರೆ, ಇರಲಿ. ಸಾವಿರಾರು ಭೇಟಿಗಳಲ್ಲಿ ಈ ಅಳತೆಯ ಅಣ್ಣ ತಮ್ಮಂದಿರನ್ನೇ ಆರಿಸಿದವರು ಫ್ರಾಂಕೊನಷ್ಟು ಒರಟರಲ್ಲ, ಆದರೆ ಕಥೆ ಬರೆಯುವವನ ಕಡೆಯವನೇ ಅಣ್ಣನಾಗುವುದು ಇಲ್ಲೂ ತಪ್ಪಲಿಲ್ಲ. ‘ತೇಗುಕ್ಗಿ’ ಅಣ್ಣನನ್ನೇ ಆ ಕಡೆಗೆ ದಾಟಿಸಿ ಈ ಪ್ರತಿಮೆಯನ್ನು ಸ್ವಲ್ಪ ಅಲ್ಲಾಡಿಸಿತು. ಅದಕ್ಕಾಗಿ ಅದರ ಅಬ್ಬರದ ಸಂಗೀತವನ್ನು ಕ್ಷಮಿಸುತ್ತೇನೆ.

ಬಂದೂಕೇ ಇಲ್ಲದೆ ಸಹೋದರರು ಬೇರೆಯಾಗುವ ಸಿನಿಮಾ ನೋಡಬೇಕೆಂದರೆ ನಮ್ಮ ಎಂ. ಎಸ್. ಸತ್ಯು ಅವರ ‘ಗರಂ ಹವಾ’ ಇದೆ, 1973ರದ್ದು. ಅಂತರ್ಯುದ್ಧದ ಚಿತ್ರ ಅಲ್ಲ, ದೇಶ ವಿಭಜನೆಯ ನಂತರದ ಆಗ್ರಾ. ಅಣ್ಣ ಹಲೀಂ ಮಿರ್ಜಾ ರಾಜಕೀಯ ಮುಖಂಡ. ಈ ನೆಲ ಬಿಟ್ಟು ಹೋಗುವುದಿಲ್ಲ ಎಂದು ಭಾಷಣ ಮಾಡುವವನು, ಸದ್ದಿಲ್ಲದೆ ಪಾಕಿಸ್ತಾನಕ್ಕೆ ಹೊರಟುಹೋಗುತ್ತಾನೆ. ತಮ್ಮ ಸಲೀಂ, ಬಲರಾಜ್ ಸಾಹ್ನಿ ಮಾಡಿದ ಪಾತ್ರ, ಉಳಿಯುತ್ತಾನೆ. ಹಿರಿಯರ ಮನೆ ಇರುವುದು ಅಣ್ಣನ ಹೆಸರಿನಲ್ಲಿ. ಅಣ್ಣ ದೇಶ ಬಿಟ್ಟವನಾದ್ದರಿಂದ ಮನೆ ಸರ್ಕಾರದ ವಶಕ್ಕೆ ಹೋಗುತ್ತದೆ. ಮನೆ ಖಾಲಿ ಮಾಡುವ ದಿನ ಮುದಿ ತಾಯಿ ಕಾಣುವುದಿಲ್ಲ. ಹೊರಡಲು ಒಪ್ಪದೆ ಮನೆಯೊಳಗೇ ಒಂದು ಮೂಲೆ ಹಿಡಿದು ಅಡಗಿ ಕುಳಿತಿದ್ದಾಳೆ.

ಈ ಮುದುಕಿಯನ್ನು ಕಂಡಾಗ ನನಗೆ ಐರಿಷ್ ಸಿನಿಮಾದ ಅಜ್ಜಿ ಪೆಗ್ಗಿ ಹೊಳೆದಳು. ಸೈನಿಕರು ಮನೆ ಸುಟ್ಟುಹಾಕಿದ್ದಾರೆ. ಬೇರೆ ಕಡೆ ಹೋಗೋಣ ಎಂದು ಎಲ್ಲರೂ ಕರೆಯುತ್ತಾರೆ. ಅವಳು ಬರುವುದಿಲ್ಲ, ಕೋಳಿಗೂಡನ್ನು ಗುಡಿಸಿಕೊಂಡು ಅಲ್ಲೇ ಇರುತ್ತೇನೆ ಎನ್ನುತ್ತಾಳೆ. ಡೇಮಿಯನ್‌ನ ಕಾಗದ ತಂದ ಟೆಡ್ಡಿಗೆ, ನನ್ನ ನೆಲದಿಂದ ಹೊರಟುಹೋಗು ಎನ್ನುವವಳು ಆ ಅಜ್ಜಿಯ ಮೊಮ್ಮಗಳು ಶಿನೇಡ್. ಕೊರಿಯಾದ ಸಿನಿಮಾದ ತಾಯಿಗೆ ಅಷ್ಟೂ ಅವಕಾಶವಿಲ್ಲ. ಅವಳು ಮೂಕಿ. ನಿರ್ದೇಶಕರು ಅವಳನ್ನು ಮೂಕಿಯಾಗಿ ಮಾಡಿದ್ದು ಕರುಣೆಗಾಗಿ ಇರಬಹುದು, ನನಗೆ ಅನುಕೂಲಕ್ಕಾಗಿ ಎನಿಸುತ್ತದೆ. ಅಣ್ಣ ತಮ್ಮಂದಿರ ಯುದ್ಧದಲ್ಲಿ ತಾಯಿ ಬಾಯಿಬಿಟ್ಟರೆ ಕಥೆ ಬೇರೆ ದಾರಿ ಹಿಡಿಯುತ್ತದೆ.

ಇಂಥದ್ದು ನಮ್ಮಲ್ಲಿ ನಡೆದಿಲ್ಲವೇ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಅಂತರ್ಯುದ್ಧ ನಡೆದಿಲ್ಲ. ಆದರೆ ಊರು ಒಡೆದದ್ದಿದೆ. 1930ರ ದಶಕದ ಆರಂಭದ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರ ತಾಲೂಕುಗಳ ರೈತರು ಕಂದಾಯ ಕೊಡಲಿಲ್ಲ. ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕಿತು. ಹರಾಜಿನಲ್ಲಿ ಕೊಂಡವರು ಬ್ರಿಟಿಷರಲ್ಲ, ನಮ್ಮ ನಡುವಿನವರೇ. ಮಾವಿನಗುಂಡಿಯಲ್ಲಿ ಹೆಂಗಸರು ಅಂಥ ಜಮೀನು ಕೊಂಡವರ ಮನೆಬಾಗಿಲಲ್ಲಿ ಉಪವಾಸ ಕುಳಿತರು. ಪೊಲೀಸ್ ಠಾಣೆಯ ಮುಂದೆ, ಕಚೇರಿಯ ಮುಂದೆ ಸತ್ಯಾಗ್ರಹ ಮಾಡುವುದು ಒಂದು ಬಗೆ. ಕೈಯಾರೆ ಮಜ್ಜಿಗೆ ಕೊಟ್ಟು ತಂದವರ ಮನೆಯ ಅಂಗಳದಲ್ಲಿ ಅನ್ನ ಬಿಟ್ಟು ಕುಳಿತುಕೊಳ್ಳುವುದು ಬೇರೆಯೇ. ಒಳಗಿದ್ದವರು ಬಾಗಿಲು ತೆರೆದು ಏನು ಹೇಳಿರಬಹುದು? ಹರಾಜಿನಲ್ಲಿ ಕೂಗಿದವನಿಗೂ ಒಂದು ಅರ್ಥ ಇದ್ದಿರಲೇಬೇಕು, ಅದನ್ನು ಬರೆಯದೆ ಆ ಹೆಂಗಸರ ಹಟವನ್ನಷ್ಟೇ ಬರೆದರೆ ಸ್ಮಾರಕವಾಗುತ್ತದೆ, ಸಿನಿಮಾ ಆಗುವುದಿಲ್ಲ. ಈ ಜಿಲ್ಲೆಯಲ್ಲಿ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಈಗ ಸಾಕಷ್ಟು ಇದ್ದಾರೆ, ಜಲಪಾತಗಳನ್ನು ಬೇಕಾದಷ್ಟು ಚಿತ್ರೀಕರಿಸಿಯೂ ಆಗಿದೆ. ಯಾರಾದರೂ ಆ ಬಾಗಿಲ ಎರಡೂ ಬದಿಯಲ್ಲಿ ಕ್ಯಾಮೆರಾ ಇಟ್ಟು ನೋಡಲಿ.

ಇಲ್ಲಿ ಅರ್ಥ ಹೇಳುವವರೂ ಕೆಲವರು ಕುಳಿತಿದ್ದೀರಿ, ನಿಮಗೂ ಒಂದು ಬೇಡಿಕೆ ಇದೆ. ಕರ್ಣಭೇದನವನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಬನವಾಸಿಯನ್ನು ಹಂಬಲಿಸಿದ ಪಂಪನಿಗೂ ಭಾರತದಲ್ಲಿ ನೆನೆಯಬೇಕಾದವನು ಕರ್ಣನೇ. ಯುದ್ಧ ಮುಗಿದು ಗಂಗೆಯ ತೀರದಲ್ಲಿ ಸತ್ತವರಿಗೆ ನೀರು ಬಿಡುವಾಗ ಕುಂತಿ ಮೊದಲ ಸಲ ಮಕ್ಕಳಿಗೆ ಹೇಳುತ್ತಾಳೆ, ಕರ್ಣ ನಿಮ್ಮ ಅಣ್ಣ, ಅವನಿಗೂ ನೀರು ಬಿಡಿ ಎಂದು. ಧರ್ಮರಾಯ ಕುಸಿಯುತ್ತಾನೆ, ಆಮೇಲೆ ಸಿಟ್ಟಾಗಿ, ಇನ್ನು ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದಿರಲಿ ಎಂದು ಶಾಪ ಕೊಡುತ್ತಾನೆ. ಹದಿನೆಂಟು ಅಕ್ಷೋಹಿಣಿ ಸತ್ತ ಮೇಲೆ ಅವನಿಗೆ ಸಿಕ್ಕ ಅಪರಾಧಿ ತಾಯಿ. ನಾನು ಕೇಳಿದ ಯಾವ ಕೂಟದಲ್ಲೂ ಕುಂತಿ ಆ ಮಾತಿಗೆ ಉತ್ತರ ಕೊಟ್ಟದ್ದಿಲ್ಲ. ಭಾಗವತರು ಒಂದು ಪದ್ಯ ಹೊಸೆದರೆ ಸಾಕು. ಈ ಮಳೆಗಾಲದಲ್ಲಿ ಯಾರಾದರೂ ಆ ಪಾತ್ರ ವಹಿಸಿಕೊಂಡು ಧರ್ಮರಾಯನನ್ನು ಒಂದು ಗಂಟೆ ನಿಲ್ಲಿಸಿ ಕೇಳಿ. ನಾನು ಮುಂದಿನ ಸಾಲಿನಲ್ಲಿ ಕುಳಿತಿರುತ್ತೇನೆ.